ಪಾರ್ಕಿನೊಳಗಿನ ಕುರಿದಾರಿ

ನಮ್ಮ ಮಾವನಿಗೆ ನೀಲಗಿರಿ ಮರ ಕಂಡರೆ ಆಗುತ್ತಿರಲಿಲ್ಲ. ಆದರೂ ನಮ್ಮೂರ ಪಕ್ಕದ ನೀಲಗಿರಿ ತೋಪನ್ನು ಬೇರುಸಮೇತ ಕಿತ್ತು ಅಲ್ಲೊಂದು ಪಾರ್ಕು ಮಾಡುತ್ತಾರೆ ಎಂದು ಗೊತ್ತಾದ ದಿನ, ಊರಿಗೆ ಊರೇ ಖುಷಿಪಡುವಾಗ, ಮುದ್ದೆ ಮುಂದಿಟ್ಟುಕೊಂಡು ಮುರಿಯದೆ ಕೂತವರು ಅವರೊಬ್ಬರೇ.

"ಯಾಕೆ ಮಾವ, ಪೀಡೆ ತೊಲಗ್ತಲ್ಲ?" ಅಂದೆ.

"ಪೀಡೆ ತೊಲಗ್ತು ಕಣವ್ವ. ಪೀಡೆ ಜೊತಿಗೆ ದಾರಿನೂ ತೊಲಗ್ತೈತೆ," ಅಂದರು.

ಮಾವ ಅಂದರೆ ನನ್ನ ಗಂಡನ ಅಪ್ಪ. ಅದಕ್ಕಿಂತ ಮೊದಲು ನನ್ನ ಅವ್ವನ ತಮ್ಮ. ಬಾಗೂರಿನ ಕಡೆಯ ನಾನು ತಾಳ್ಯದ ಕಡೆಯ ಈ ಊರಿಗೆ ಬಂದದ್ದು ಸೋದರಮಾವನ ಮನೆಗೇ. ಮಾವನೆದುರು ಸೊಸೆ ದನಿ ಎತ್ತಬಾರದು ಅನ್ನುವ ಕಟ್ಟಳೆ ಊರಿಗೆಲ್ಲ ಇದೆ, ನನಗಿಲ್ಲ. ಚಿಕ್ಕವಳಿದ್ದಾಗ ಯಾರ ಹೆಗಲ ಮೇಲೆ ಕೂತು ಕೂದಲು ಜಗ್ಗಿದ್ದೆನೋ ಅವರ ಮುಂದೆ ಸೆರಗು ಎಳೆದುಕೊಂಡು ಪಿಸುಗುಡುವುದು ನನ್ನಿಂದಾಗದು. ನನ್ನ ಬಾಯಿ ಸ್ವಲ್ಪ ಜೋರು ಎಂದು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಅನ್ನುವುದು ಅವರ ದೊಡ್ಡತನ.

ತೋಪು ನಮ್ಮ ಹಟ್ಟಿಗೂ ಕೆರೆಗೂ ನಡುವೆ ಇತ್ತು. ಸಾಲು ಸಾಲು ನೀಲಗಿರಿ, ಬುಡದಲ್ಲಿ ಒಣಗಿದ ಎಲೆ, ಎಲೆಯ ಕೆಳಗೆ ಬೂದಿಯಂಥ ಮಣ್ಣು. ನೆಗಡಿಯಾದಾಗ ನಾಲ್ಕು ಎಲೆ ಕುದಿಸಿ ಹಬೆ ತಗೊಳ್ಳುವುದು ಬಿಟ್ಟರೆ ಊರಿಗೆ ಅದರಿಂದ ಕಿಲುಬುಕಾಸಿನ ಉಪಕಾರವಿರಲಿಲ್ಲ. ಒಂದು ಹಕ್ಕಿ ಗೂಡು ಕಟ್ಟಿದ್ದನ್ನು ನಾನು ಕಾಣೆ. ಕೆಲವು ವರ್ಷಕ್ಕೊಮ್ಮೆ ಲಾರಿಗಳು ಬರುತ್ತಿದ್ದವು, ಮರ ಕಡಿದು ಹೇರಿಕೊಂಡು ಹೋಗುತ್ತಿದ್ದವು, ಬೊಡ್ಡೆಗಳು ಮತ್ತೆ ಚಿಗುರುತ್ತಿದ್ದವು. ಆದರೆ ತೋಪಿನ ನಡುವೆ ನಮ್ಮ ಕುರಿಗಳು ತುಳಿದು ತುಳಿದು ಮಾಡಿದ ಒಂದು ದಾರಿಯಿತ್ತು. ಮೇಯಲು ಅಲ್ಲಿ ಹುಲ್ಲುಕಡ್ಡಿಯೂ ಇಲ್ಲವೆಂದು ಅರಣ್ಯ ಇಲಾಖೆಯವರೂ ತಡೆಯುತ್ತಿರಲಿಲ್ಲ. ಮಧ್ಯಾಹ್ನ ಮಾವ ಮುಂದೆ, ಕುರಿ ಹಿಂದೆ, ಆ ದಾರಿ ಹಿಡಿದು ಕೆರೆಗೆ ನೀರಿಗೆ ಹೋಗುವುದು ಅವರ ಅಪ್ಪನ ಕಾಲದಿಂದ ನಡೆದುಬಂದಿತ್ತು.

ಆ ದಾರಿ ಬಿಟ್ಟರೆ ಕೆರೆಗೆ ಹೋಗಲು ಇರುವುದು ಟಾರು ರಸ್ತೆ. ರಸ್ತೆಯಲ್ಲಿ ಗಣಿ ಲಾರಿಗಳು. ಒಂದು ಸಲ ತೋಪಿನಲ್ಲಿ ಮರ ಬೀಳಿಸುತ್ತಿದ್ದಾರೆಂದು ಮಾವ ರಸ್ತೆಯ ಮೇಲೆ ಕುರಿ ಹೊಡೆದುಕೊಂಡು ಹೋಗಿದ್ದರು. ಸಂಜೆ ಸತ್ತ ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಅತ್ತೆ ಹಿತ್ತಿಲಲ್ಲಿ ಗುಂಡಿ ತೋಡಿಸಿದರು. ಆ ಮರಿಗಳನ್ನು ಬಾಟಲಿ ಹಾಲು ಹಾಕಿ ಬೆಳೆಸಿದವಳು ನಾನು. ಅತ್ತೂ ಅತ್ತೂ ಕೊನೆಗೆ ಮಾವನನ್ನೇ ಬೈದೆ.

"ಬೇಲಿ ಹಾಕಿ ದಾರಿ ಮುಚ್ಚಿದ್ರೆ ಕುರಿ ಮಾರಿಬಿಡ್ತೀನಿ," ಅಂದರು ಈಗ, ಮುದ್ದೆಯ ಮುಂದೆ ಕೂತು. "ರಸ್ತಿಗೆ ಮತ್ತೆ ಇಳಿಸಲ್ಲ."

ಅವರು ಸುಮ್ಮಸುಮ್ಮನೆ ಏನೂ ಹೇಳುವವರಲ್ಲ.

ಜೆಸಿಬಿಗಳು ಬಂದು ಬೊಡ್ಡೆಗಳನ್ನು ಕಿತ್ತವು. ಹೆಬ್ಬಾಗಿಲಿನಂಥ ಕಮಾನು ಎದ್ದಿತು. ಸಿಮೆಂಟಿನ ಜಿಂಕೆ ಬಂತು, ಸಿಮೆಂಟಿನ ಅಣಬೆ ಬಂತು, ಮಕ್ಕಳಿಗೆ ಉಯ್ಯಾಲೆ ಬಂತು. ನಮ್ಮ ಕೇರಿಯ ಮುದುಕಿಯೊಬ್ಬಳು ಜಿಂಕೆಯ ಕೋಡು ಮುಟ್ಟಿ ನೋಡಿ, "ಇದು ಮೇಯಲ್ಲ, ಇದನ್ನ ಒಳಗೆ ಬಿಟ್ಟವ್ರೆ. ಮೇಯೋವ್ನ ಹೊರಗೆ ಹಾಕ್ತಾರೆ," ಅಂದಳು. ನಾವೆಲ್ಲ ನಕ್ಕೆವು. ಅಷ್ಟರಲ್ಲಿ ನನಗೂ ಅಲ್ಲೇ ಸಸಿಗಳಿಗೆ ನೀರು ಹಾಕುವ ಕೂಲಿ ಸಿಕ್ಕಿತ್ತು. ಗಂಡ ಹೊಳಲ್ಕೆರೆಯ ಅಡಿಕೆ ಮಂಡಿಗೆ ಬೆಳಗಿನ ಬಸ್ಸು ಹತ್ತಿದರೆ ಬರುವುದು ಕತ್ತಲಿಗೆ. ಕೆಲಸ ಮನೆಯ ಹತ್ತಿರವೇ ಇದ್ದದ್ದು ಅನುಕೂಲವಾಯಿತು. ಹಗಲು ಪಾರ್ಕಿನ ಗಿಡ, ಸಂಜೆ ಮನೆಯ ಕುರಿ. ಗಿಡದವರ ಕಡೆ ನಿಂತರೆ ಮನೆಗೆ ದ್ರೋಹ, ಕುರಿಯ ಕಡೆ ನಿಂತರೆ ಕೂಲಿಗೆ ದ್ರೋಹ. ಅತ್ತ ದರಿ, ಇತ್ತ ಪುಲಿ.

ಪಾರ್ಕಿನ ಜವಾಬ್ದಾರಿ ಇದ್ದದ್ದು ಅರಣ್ಯ ಇಲಾಖೆಯ ಒಬ್ಬ ಮೇಡಂ ಮೇಲೆ. ಬೇರೆ ಜಿಲ್ಲೆಯವರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಬಿಸಿಲಿಗೆ ಟೋಪಿ ಹಾಕಿಕೊಂಡು ನಮ್ಮ ಜೊತೆ ತಾವೂ ಗುಂಡಿಗೆ ಇಳಿಯುವಂಥ ಹೆಂಗಸು. ಹೊಂಗೆ, ಬೇವು, ನೇರಳೆ, ಕಮರ ಎಂದು ಊರ ಮರಗಳ ಸಸಿಯನ್ನೇ ತರಿಸಿದ್ದರು. ಆದರೆ ಮೊದಲ ಮಳೆಗಾಲದಲ್ಲಿ ನೆಟ್ಟವು ಬೇಸಿಗೆ ಕಾಣಲಿಲ್ಲ. ನೀರು ಹಾಕಿದಷ್ಟೂ ಆ ಮಣ್ಣು ಕುಡಿದು ಸುಮ್ಮನಾಗುತ್ತಿತ್ತು. ಒಣಗಿದ ಸಸಿ ಕಿತ್ತು ನೋಡಿದರೆ ಬೇರು ನೆಟ್ಟಷ್ಟೇ ಇರುತ್ತಿತ್ತು. ಮೇಡಂ ಗುಂಡಿಯ ಅಂಚಿನಲ್ಲಿ ಕೂತು ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು.

ಮನೆಗೆ ಬಂದು ಇದನ್ನು ಹೇಳಿದೆ. ಮಾವ ಬೀಡಿ ಆರಿಸಿ ಎದ್ದು ಕೂತರು.

"ಆ ಮಣ್ಣಿಗೆ ಬೇಕಾಗಿರೋದು ನೀರಲ್ಲವ್ವ. ಹಿಕ್ಕೆ."

ನಮ್ಮ ಕಡೆ ಬೇಸಿಗೆಯಲ್ಲಿ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುವ ರೂಢಿ. ಹೊಲದವರು ಕರೆಯುತ್ತಾರೆ, ಕುರಿಯವರು ಬಲೆ ಕಟ್ಟಿ ರಾತ್ರಿಯೆಲ್ಲ ಮಂದೆಯನ್ನು ಅಲ್ಲೇ ಕೂಡುತ್ತಾರೆ, ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎರಡೂ ಭೂಮಿಗೆ. ಮಾರನೆಯ ದಿನ ಬಲೆ ಪಕ್ಕಕ್ಕೆ. ಹೀಗೆ ಹೊಲ ಪೂರ್ತಿ ತುಂಬುತ್ತದೆ. ಬದಲಿಗೆ ರಾಗಿಯೋ ಜೋಳವೋ ಕೊಡುವುದು ವಾಡಿಕೆ. ನಮ್ಮ ಮಾವನ ಮಂದೆ ನಿಂತ ಹೊಲಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಡ ಅನ್ನುವ ಮಾತು ತಾಳ್ಯದ ಸುತ್ತಮುತ್ತ ಇತ್ತು. ಅದು ಅವರ ಹೆಮ್ಮೆಯೂ ಆಗಿತ್ತು.

ಮರುದಿನ ತಲೆಗೆ ರುಮಾಲು ಸುತ್ತಿಕೊಂಡು ನನ್ನ ಜೊತೆಯೇ ಬಂದರು. ಮೇಡಂ ಕುರ್ಚಿ ತೋರಿಸಿದರು. ಮಾವ ಕೂರಲಿಲ್ಲ.

"ಮೇಡಮ್ಮೋರೆ, ಬೇಸಿಗಿ ಪೂರ್ತಿ ನನ್ನ ಮಂದೆ ಇಲ್ಲಿ ನಿಲ್ಲಿಸ್ತೀನಿ. ಕಾಳುಕಡ್ಡಿ ಏನೂ ಬ್ಯಾಡ. ಗಿಡ ಹತ್ತಿದ್ರೆ ನನ್ನ ಕುರಿಗೆ ಕೆರೆ ದಾರಿ ಬಿಡ್ರಿ. ಹತ್ತದೇ ಹೋದ್ರೆ ಬೇಲಿ ಹಾಕ್ಕಳ್ರಿ, ನಾನು ಕೇಳಲ್ಲ."

ಮೇಡಂ ಟೋಪಿ ತೆಗೆದು ಒಣಗಿದ ಸಸಿಗಳ ಕಡೆ ನೋಡಿದರು. ಕುರಿಯನ್ನು ಹೊರಗಿಡಲು ಬೇಲಿಗೆ ಮಂಜೂರಾತಿ ತಂದವರು ಅವರೇ. ಕೊನೆಗೆ, "ಗಿಡ ಬಂದ್ರೆ ಮೇಲಿನವ್ರ ಹತ್ರ ನಾನೇ ಮಾತಾಡ್ತೀನಿ, ಅಜ್ಜ," ಅಂದರು.

"ಮಾತು?"

"ಮಾತು."

ಆ ಬೇಸಿಗೆ ಮಾವನ ಹುರುಪು ನೋಡಬೇಕಿತ್ತು. ಮದುವೆ ಗಂಡಿನ ಥರ ಓಡಾಡಿದರು. ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವಷ್ಟರಲ್ಲಿ ಬಲೆ ಬಿಚ್ಚಿ, ಮಂದೆಯನ್ನು ಮೇಯಲು ಹೊಡೆದು, ಕಪ್ಪಗೆ ಹಾಸಿದ ಹಿಕ್ಕೆಯ ಮೇಲೆ ನಿಂತು, "ನೋಡವ್ವ, ಹೆಂಗೈತೆ?" ಅನ್ನುತ್ತಿದ್ದರು, ತಾವೇ ಹಾಕಿದಂತೆ. ಮೇವಿಗೆ ಅಷ್ಟೇನೂ ಇರಲಿಲ್ಲ. ಕೆರೆಯ ಅಂಗಳದ ತುಂಬ ಬಳ್ಳಾರಿ ಜಾಲಿ, ಅದರ ಹಳದಿ ಕಾಯಿ ಸಿಹಿ, ಕುರಿಗೆ ಪ್ರಾಣ. ಮಾವ ಉದ್ದ ಕೊಕ್ಕೆ ಹಿಡಿದು ಜಾಲಿಕಾಯಿ ಉದುರಿಸುತ್ತಿದ್ದರು, ಕುರಿಗಳು ಕಟುಂ ಕುಟುಂ ಅಂತ ಅಗಿದು ತಿಂದು ಹೊಟ್ಟೆ ಊದಿಸಿಕೊಂಡು ಪಾರ್ಕಿಗೆ ಬಂದು ಮಲಗುತ್ತಿದ್ದವು. ಎಲ್ಲ ಬೇಸಿಗೆಯಲ್ಲೂ ಹಾಗೇ. ಅದರಲ್ಲಿ ಯಾರಿಗೂ ಏನೂ ಹೊಸದು ಕಾಣಲಿಲ್ಲ.

ಮಳೆ ಬಂತು. ಹೊಸ ಸಸಿ ನೆಟ್ಟೆವು. ಇನ್ನೊಂದು ಮಳೆ ಬಂತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಬೂದಿಮಣ್ಣಿನ ಮೇಲೆಲ್ಲ ಹಸಿರು ಹಬ್ಬಿದೆ. ಖುಷಿಯಿಂದ ಅಲ್ಲೇ ನಿಂತು ಮಾವನಿಗೆ ಫೋನು ಮಾಡಿದೆ. ಮಾಡಿ, ಬಗ್ಗಿ, ಒಂದು ಎಳೆ ಗಿಡವನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡೆ. ಸಣ್ಣ ಸಣ್ಣ ಎಲೆ, ಆಚೆ ಈಚೆ ಜೋಡಿ ಜೋಡಿ. ಇನ್ನೊಂದು ಕಿತ್ತೆ. ಅದೂ ಅದೇ. ಕಾಲು ಹೊರಳಿಸಿದಲ್ಲೆಲ್ಲ ಅದೇ.

ಬಳ್ಳಾರಿ ಜಾಲಿ.

ಅಷ್ಟರಲ್ಲಿ ಮಾವ ಇಬ್ಬರು ನೆಂಟರನ್ನು ಕರೆದುಕೊಂಡು ಕಮಾನು ದಾಟಿ ಬರುತ್ತಿದ್ದರು. ನಾನು ಅಂಗೈ ಚಾಚಿದೆ. ಅವರು ನೋಡಿದರು. ಸುತ್ತ ಕಣ್ಣು ಹಾಯಿಸಿದರು. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಹೊಲದಾಗೆ ಕುಂಟೆ ಹೊಡೀತಾರೆ ಕಣೆ," ಅಂದರು ನನ್ನ ಅಂಗೈಯ ಗಿಡ ತಗೊಂಡು. "ಮಳೆ ಆದ ಮ್ಯಾಲೆ ಕುಂಟೆ ಹೊಡೆದ್ರೆ ಇವೆಲ್ಲ ಸಾಯ್ತವೆ. ಇಲ್ಲಿ ಕುಂಟೆ ಎಲ್ಲಿಂದ ಬರ್ತೈತೆ?"

ಆಗ ನನಗೂ ಹೊಳೆಯಿತು. ಜನ್ಮವಿಡೀ ಅವರು ಮಂದೆ ನಿಲ್ಲಿಸಿದ್ದು ಉಳುವ ಹೊಲಗಳಲ್ಲಿ. ಹಿಕ್ಕೆಯ ಜೊತೆ ಜಾಲಿಬೀಜವೂ ಬೀಳುತ್ತಿತ್ತು, ಹುಟ್ಟುತ್ತಲೂ ಇತ್ತು. ಆದರೆ ಎತ್ತು, ಕುಂಟೆ ಕೂಡಿ ಅದನ್ನು ಯಾರ ಕಣ್ಣಿಗೂ ಬೀಳಿಸದೆ ತೀರಿಸಿಬಿಡುತ್ತಿದ್ದವು. ಯಾರೂ ಉಳದ ಭೂಮಿಯಲ್ಲಿ ಮಂದೆ ನಿಲ್ಲಿಸಿದ್ದು ಇದೇ ಮೊದಲು. ಈ ಮುಳ್ಳು ಒಂದು ಸಲ ಬೇರು ಬಿಟ್ಟರೆ ಜೆಸಿಬಿಗೂ ಬಗ್ಗುವುದಿಲ್ಲ. ಪಾರ್ಕು ಹೋಗಿ ಮುಳ್ಳಿನ ಕಾಡಾಗುತ್ತದೆ, ಮಾವನ ದಾರಿಯೂ ಹೋಗುತ್ತದೆ, ಕುರಿಗಳೂ ಹೋಗುತ್ತವೆ.

ನೆಂಟರು ಊರಿಗೆ ಸುದ್ದಿ ಮುಟ್ಟಿಸುವುದಕ್ಕೆ ಎಷ್ಟು ಹೊತ್ತು? ಸಂಜೆಗೆ ಅರಳಿಕಟ್ಟೆಯಲ್ಲಿ ಇದೇ ಮಾತು. "ಗಣಪತಿ ಮಾಡಾಕೆ ಹೋಗಿ ಅವ್ರಪ್ಪನ್ನ ಮಾಡ್ದ," ಅಂದ ಒಬ್ಬ. "ತಾ ಕೆಟ್ಟ ಕೋತಿ ವನ ಎಲ್ಲ ಕೆಡಿಸ್ತಂತೆ. ನಮ್ಮೂರಾಗೆ ಕುರಿ ಕೆಡಿಸ್ತು ನೋಡ್ರಪ್ಪ," ಅಂದ ಇನ್ನೊಬ್ಬ. ಕೊಡ ಹೊತ್ತು ಹೋಗುತ್ತಿದ್ದ ನಾನು ನಿಂತೆ. "ನಿನ್ನ ಹೊಲದಾಗೆ ರಾಗಿ ಎದೆಮಟ್ಟ ಬಂದಾಗ ಇದೇ ಕುರಿ ಹಿಕ್ಕೆ ಸಿಹಿಯಾಗಿತ್ತೇನಪ್ಪ?" ಅಂದೆ. ಅವನು ಟವೆಲ್ ಕೊಡವಿಕೊಂಡು ಆ ಕಡೆ ನೋಡಿದ.

ಮಾವ ಮಾತ್ರ ಕಟ್ಟೆಯ ಕಡೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ರುಮಾಲು ಸುತ್ತಿದರು.

"ಎಲ್ಲಿಗೆ?"

"ಮೇಡಮ್ಮೋರ್ಗೆ ನಾನೇ ಹೇಳ್ಬೇಕು. ಇನ್ನೊಬ್ರ ಬಾಯಿಂದ ಕೇಳಬಾರ್ದು ಅವ್ರು."

ಮೇಡಂ ಕೇಳಿದರು, ಬಂದು ನೋಡಿದರು, ಮುಖ ಕೆಂಪಾಯಿತು. ಸ್ವಲ್ಪ ದಿನದಲ್ಲೇ ಮೇಲಿನ ಸಾಹೇಬರು ನೋಡಲು ಬರುವವರಿದ್ದರು. "ನಾನೂ ಓದಿದ್ದೆ ಅಜ್ಜ, ಕುರಿ ಹೊಟ್ಟೇಲಿ ಆ ಬೀಜ ಸಾಯಲ್ಲ ಅಂತ. ಓದಿದ್ದು ಆ ಹೊತ್ತಿಗೆ ನೆನಪಾಗ್ಲಿಲ್ಲ ನೋಡಿ," ಅಂದರು. ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. "ಔಷಧಿ ಹೊಡೆದ್ರೆ ನೆಟ್ಟಿರೋ ಸಸಿನೂ ಸಾಯುತ್ತೆ. ಏನ್ ಮಾಡೋಣ?"

"ಮಣ್ಣು ಹಸಿ ಐತೆ. ಈಗ ಕಿತ್ರೆ ಬೇರು ಸಮೇತ ಬರ್ತೈತೆ. ಹದ ಆರಿದ್ರೆ ಮುಗೀತು," ಅಂದರು ಮಾವ.

"ಇಷ್ಟೊಂದನ್ನ ಯಾರು ಕೀಳ್ತಾರೆ?"

ಮಾವ ನನ್ನ ಕಡೆ ನೋಡಿದರು. ನನಗೆ ಅರ್ಥವಾಯಿತು. ಅವರು ಯಾರ ಮನೆಯ ಬಾಗಿಲಿಗೂ ಕೇಳಲು ಹೋಗುವವರಲ್ಲ, ಹೋಗಬೇಕಾದವಳು ನಾನು.

ನಮ್ಮಲ್ಲಿ ಮುಯ್ಯಿ ಅಂತ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ, ಕೂಲಿಯ ಮಾತಿಲ್ಲ. ಆದರೆ ಸರ್ಕಾರದ ಪಾರ್ಕಿಗೆ ಮುಯ್ಯಿ ಕರೆದವರುಂಟೇ? ನಾನು ಕರೆದೆ. ಕೇರಿಯ ಮೊದಲ ಮನೆಯಿಂದ ಶುರು ಮಾಡಿದೆ. "ಕಳೆ ತೆಗಿಯಾಕೆ ಬರ್ರೇ." "ಯಾರ ಹೊಲಕ್ಕೆ?" "ನಮ್ಮ ಮಾವನ ಹೊಲಕ್ಕೆ." "ನಿಮ್ಮ ಮಾವಂಗೆ ಎಲ್ಲೈತೆ ಹೊಲ?" "ಐತೆ, ಬರ್ರಿ, ತೋರಿಸ್ತೀನಿ."

ಬರುವವರು ಬರಲಿ, ಬರದವರು ಬಿಡಲಿ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಕಮಾನಿನ ಕೆಳಗೆ ಹೆಂಗಸರ ಗುಂಪೇ ನಿಂತಿತ್ತು. ಮಂದೆ ನಿಲ್ಲಿಸಿಕೊಂಡಿದ್ದ ಹೊಲದವರು ಬಂದಿದ್ದರು. ಹೊಲವೇ ಇಲ್ಲದವರೂ ಬಂದಿದ್ದರು. ಕೋತಿಯ ಮಾತಾಡಿದವನ ಹೆಂಡತಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. "ನಮ್ಮನೆಯೋರ ಬಾಯಿ ನಿಂಗೇನು ಹೊಸದೇನೆ?" ಅಂದು ಸೆರಗು ಸಿಕ್ಕಿಸಿದಳು.

ಸಾಲು ಹಿಡಿದು ಕೂತೆವು. ಎಳೆ ಜಾಲಿ ಬೆರಳಿಗೆ ಸುಲಭವಾಗಿ ಬರುತ್ತಿತ್ತು, ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ. ಸಿಮೆಂಟಿನ ಜಿಂಕೆಯ ಕೊರಳಿಗೆ ಯಾರೋ ಊಟದ ಬುತ್ತಿ ನೇತುಹಾಕಿದರು. ಮೇಡಂ ಪ್ಯಾಂಟು ಮಡಿಸಿ ನಮ್ಮ ನಡುವೆಯೇ ಕೂತು ಕೀಳುತ್ತಿದ್ದರು. "ಮೇಡಮ್ಮಾರೆ, ಮದುವೆ ಆಗೈತಾ?" ಎಂದು ಒಬ್ಬಳು ಕೇಳಿಯೂ ಬಿಟ್ಟಳು. "ಈ ಪಾರ್ಕಿನ ಜೊತೆ ಆಗಿದೆ," ಅಂದರು ಮೇಡಂ. "ಅಯ್ಯೋ, ಗಂಡ ಬಲು ಮುಳ್ಳು!" ಅಂದಳು ಅವಳು. ನಗು ಕೆರೆಯ ಏರಿಯವರೆಗೂ ಕೇಳಿರಬೇಕು.

ಮಾವ ಮಂಡಿನೋವಿನವರು, ಕೂತರೆ ಏಳಲಾರರು. ಆದರೂ ಮಣ್ಣಲ್ಲಿ ಕೂತು ಕೂತೇ ಮುಂದಕ್ಕೆ ಸರಿಯುತ್ತ ಕೀಳುತ್ತಿದ್ದರು. "ಏಳ್ರಿ ಮಾವ, ನಾವಿದೀವಿ," ಎಂದು ಗದರಿದೆ. "ಸುಮ್ಕಿರೆ, ಬಿತ್ತಿದೋನು ನಾನು," ಅಂದರು.

ಕೀಳುತ್ತ ಹೋದಂತೆ ಜಾಲಿಯ ನಡುವೆ ಬೇರೆಯವೂ ಕಂಡವು. ಎಲಚಿ, ಕಾರೆ ಬಂದಿದ್ದವು. ಅವೂ ಕುರಿ ತಂದವೇ. ನಾವು ನೆಟ್ಟ ಹೊಂಗೆ, ಬೇವುಗಳ ಎಲೆ ಕಪ್ಪುಹಸಿರಾಗಿತ್ತು, ಹಿಡಿದು ಅಲುಗಿಸಿದರೆ ಬುಡ ಅಲ್ಲಾಡಲಿಲ್ಲ. ಮಾವ ಒಂದು ಎಳೆ ಗಿಡಕ್ಕೆ ಕೈ ಹಾಕಿದಾಗ ಮೇಡಂ, "ಅಜ್ಜ, ತಡೀರಿ, ಅದು ಜಾಲಿ ಥರ ಕಾಣ್ತಿಲ್ಲ," ಅಂದರು. "ಜಾಲಿನೇ ಕಣ್ರಿ." "ಬನ್ನಿ ಇರಬಹುದು." ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಸುತ್ತ ಕಲ್ಲಿಟ್ಟು ಬಿಟ್ಟೆವು. ಈಗ ಅದು ಮೊಣಕಾಲೆತ್ತರ ಇದೆ, ಬನ್ನಿಯೇ. ಮೇಡಂ ಗೆದ್ದರು.

ಹದ ಆರುವ ಮುಂಚೆ ಪಾರ್ಕು ಚೊಕ್ಕಟವಾಯಿತು. ಸಾಹೇಬರು ಬಂದರು, ತಲೆಯಾಡಿಸಿದರು, ಎಳನೀರು ಕುಡಿದು ಹೋದರು. ಮಳೆಗಾಲ ಮುಗಿಯಿತು, ಸಸಿಗಳು ನಿಂತವು. ಆದರೆ ದಾರಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮಾವನೂ ಕೇಳಲಿಲ್ಲ. "ಮುಳ್ಳು ಬಿತ್ತಿ ದಾರಿ ಕೇಳಾಕೆ ನಂಗೇನು ಮುಖ ಐತೆ?" ಅನ್ನುತ್ತಿದ್ದರು. ಆಮೇಲೆ ಒಂದು ದಿನ, ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ಮೇಡಂಗೆ ವರ್ಗವಾಯಿತು ಎಂದು ತಿಳಿಯಿತು. ತಿಳಿಯುವಷ್ಟರಲ್ಲಿ ಅವರು ಹೋಗಿಯೇ ಆಗಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾತು ಅಂದಿದ್ದರಲ್ಲ, ಒಂದು ಮಾತು ಹೇಳಿ ಹೋಗಬಾರದಿತ್ತೇ? ಮಾವ ನನ್ನನ್ನೇ ಸಮಾಧಾನ ಮಾಡಿದರು. ಆದರೆ ಆ ರಾತ್ರಿ ಕುರಿ ಕೊಳ್ಳುವವನೊಬ್ಬನಿಗೆ ಬಂದು ನೋಡು ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ನಾನು ಒಳಗಿಂದ ಕೇಳಿಸಿಕೊಂಡೆ.

ಮಾರನೆಯ ದಿನವೇ ಬೇಲಿಯ ಕಂಬಗಳು ಲಾರಿಯಲ್ಲಿ ಬಂದು ಇಳಿದವು. ಮಾವ ಎಂದಿನಂತೆ ಮಧ್ಯಾಹ್ನ ಕುರಿ ಹೊರಡಿಸಿದರು. "ಕೊನೇ ಸಲ ಈ ದಾರೀಲಿ ನೀರು ಕುಡಿಸ್ಕಂಡು ಬರ್ತೀನಿ," ಅಂದರು. ನಾನು ಕೆಲಸದ ಬಿಂದಿಗೆ ಅಲ್ಲೇ ಇಟ್ಟು ಅವರ ಜೊತೆ ನಡೆದೆ.

ಬೇಲಿ ಎಲ್ಲಿ ಬರಬೇಕೆಂದು ನೆಲದ ಮೇಲೆ ಉದ್ದಕ್ಕೂ ಸುಣ್ಣದ ಪುಡಿಯಿಂದ ಗೆರೆ ಎಳೆದಿತ್ತು. ಗೆರೆ ನಮ್ಮ ದಾರಿಯ ಹತ್ತಿರ ಬಂದು ನೇರ ಹೋಗಿರಲಿಲ್ಲ. ದಾರಿಯ ಈ ಬದಿಗೊಂದು, ಆ ಬದಿಗೊಂದು, ಎರಡೂ ಗೆರೆ ಒಳಕ್ಕೆ ತಿರುಗಿ ಕೆರೆಯವರೆಗೂ ಜೊತೆಜೊತೆಯಾಗಿ ಹೋಗಿದ್ದವು. ನಡುವೆ ಮಂದೆ ಹಾಯುವಷ್ಟು ಜಾಗ. ದಾರಿಯ ಬಾಯಿಗೆ ಮಾತ್ರ ಮೊದಲು ಅಡ್ಡ ಎಳೆದ ಒಂದು ಗೆರೆಯಿತ್ತು. ಆಮೇಲೆ ಯಾರೋ ಅದನ್ನು ಕಾಲಿಂದ ಒರೆಸಿದ್ದರು. ಪೂರ್ತಿ ಅಳಿಸಿರಲಿಲ್ಲ, ಮಸುಕಾಗಿ ಕಾಣುತ್ತಿತ್ತು.

ಗುಂಡಿ ತೋಡುತ್ತಿದ್ದವನನ್ನು ಕೇಳಿದೆ. "ಹಳೇ ಮೇಡಮ್ಮೋರು ನಿನ್ನೆ ಸಂಜೆ ಹೋಗೋ ಮುಂಚೆ ನಿಂತು ಹಾಕ್ಸಿದ್ದು ಕಣಕ್ಕ. ಮೊದ್ಲು ಅಡ್ಡ ಹಾಕಿದ್ವಿ. ಸಾಹೇಬರು ಫೋನ್‌ನಾಗೆ ಒಪ್ಪಿದ ಮ್ಯಾಲೆ ಮೇಡಮ್ಮೋರೇ ಚಪ್ಲಿಯಿಂದ ಒರೆಸಿದ್ರು," ಅಂದ.

ಮಾವ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳಲೂ ಇಲ್ಲ, ಧಾರಾಳವಾಗಿ ಅತ್ತೆ.

ಕುರಿಗಳು ಮಾತ್ರ ಮುಂದೆ ಹೋಗಲೊಲ್ಲವು. ನೆಲದ ಮೇಲಿನ ಆ ಮಸುಕು ಬಿಳಿ ನೋಡಿ ಮುಂದಿನ ಟಗರು ಕಾಲೂರಿ ನಿಂತುಬಿಟ್ಟಿತು. ಹಿಂದಿನವೆಲ್ಲ ಒಂದರ ಮೇಲೊಂದು ಬಿದ್ದವು. "ಹೋಗಾಣ ಬಾರಲೇ, ನಿಂದೇ ದಾರಿ ಕಣೋ," ಅಂದರು ಮಾವ, ಗೆರೆ ದಾಟಿ ಆ ಕಡೆ ನಿಂತು. ಟಗರು ಮೂಸಿತು, ಹಿಂದೆ ಸರಿಯಿತು, ಆಮೇಲೆ ಹಳ್ಳ ದಾಟುವಂತೆ ಎತ್ತರಕ್ಕೆ ನೆಗೆದು ಆ ಕಡೆ ಬಿತ್ತು. ಅದರ ಹಿಂದಿನದೂ ನೆಗೆಯಿತು. ಅದರ ಹಿಂದಿನದೂ. ಹಿಂದಿದ್ದ ಮರಿಗಳು ಬರುವಷ್ಟರಲ್ಲಿ ಗೊರಸಿನ ಧೂಳಿಗೆ ಗೆರೆಯೇ ಉಳಿದಿರಲಿಲ್ಲ. ಆದರೂ ಅವೂ ಅಲ್ಲೇ, ಅಷ್ಟೇ ಎತ್ತರಕ್ಕೆ ನೆಗೆದು ಹೋದವು.

ಮಾವ ನಗುತ್ತಲೇ ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. "ಆ ಕುರಿ ಕೊಳ್ಳೋನಿಗೆ ಬರಬ್ಯಾಡ ಅಂತ ಹೇಳವ್ವ," ಅಂದು ಕೆರೆಯ ಕಡೆ ನಡೆದರು.